ಪಾತ್ರೆಗೆ ಇಳಿಯುವ ಮುನ್ನ ರೇಷ್ಮೆ

ಮಾಗಿಯ ಒಂದು ಬೆಳಗ್ಗೆ ಮನೆಯ ಹಿಂದಿನ ಸಜ್ಜಾದ ನೆರಳಿನಲ್ಲಿ ಐದು ತುಂಡು ರೇಷ್ಮೆಯನ್ನು ತಂತಿಗೆ ಒಣಹಾಕಿದ್ದೆ. ಹಿಂದಿನ ದಿನ ಐದನ್ನೂ ಒಂದೇ ಪಾತ್ರೆಯಲ್ಲಿ, ಅರಗಿನ ಬಣ್ಣದ ಒಂದೇ ನೀರಿನಲ್ಲಿ, ಒಂದೇ ಶಾಖದಲ್ಲಿ, ಒಂದೇ ಹೊತ್ತು ಅದ್ದಿಟ್ಟಿದ್ದೆ. ಬೆಳಗಿನ ಬೆಳಕಿನಲ್ಲಿ ನೋಡಿದರೆ ಅಲ್ಲಿ ಐದು ಬಣ್ಣಗಳಿದ್ದವು. ಕ್ರೇಪ್ ತುಂಡು ಕಡುಗೆಂಪಾಗಿ ಕುಳಿತಿತ್ತು. ಸ್ಯಾಟಿನ್ ತುಂಡು ಒಂದು ಬದಿಯಿಂದ ದಾಸವಾಳದಂತೆ, ತುಸು ಸರಿದು ನಿಂತರೆ ನೇರಳೆಹಣ್ಣಿನ ರಸದಂತೆ ಕಾಣುತ್ತಿತ್ತು. ಶಿಫಾನ್ ತಿಳಿ ಗುಲಾಬಿಯಾಗಿತ್ತು. ಟಸರ್ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಎರಿ ರೇಷ್ಮೆ ಮಾತ್ರ ಹೊಳಪನ್ನೆಲ್ಲ ಒಳಗೆ ನುಂಗಿಕೊಂಡು, ಉಣ್ಣೆಯ ಬಟ್ಟೆಯಂತೆ ಗಾಢವಾಗಿ, ಮೌನವಾಗಿ ನೇತಾಡುತ್ತಿತ್ತು.

ನೈಸರ್ಗಿಕ ಬಣ್ಣಗಾರಿಕೆಯನ್ನು ಕಲಿಯಬೇಕೆಂದು ನನ್ನ ಬಳಿ ಬರುವವರು ಮೊದಲು ಕೇಳುವುದು ಬಣ್ಣವನ್ನು ಕುರಿತು. ಕೆಂಪು ಕೊಡುವ ಮಂಜಿಷ್ಠದ ಬೇರು ಎಲ್ಲಿ ಸಿಗುತ್ತದೆ, ದಾಳಿಂಬೆ ಸಿಪ್ಪೆಯನ್ನು ಎಷ್ಟು ಹೊತ್ತು ಕುದಿಸಬೇಕು, ನೀಲಿ ಗಿಡದ ಬಣ್ಣದ ತೊಟ್ಟಿಯನ್ನು ಹೇಗೆ ಹದಗೊಳಿಸಬೇಕು ಎಂಬವು ಅವರ ಪ್ರಶ್ನೆಗಳು. ಬಟ್ಟೆಯನ್ನು ಮಾತ್ರ ಅವರು ಆಗಲೇ ಕೊಂಡು ತಂದಿರುತ್ತಾರೆ, ಬಿಳಿಯಾಗಿದೆ, ರೇಷ್ಮೆಯಾಗಿದೆ, ಅಷ್ಟು ಸಾಕೆಂಬ ನಂಬಿಕೆಯಿಂದ. ಹತ್ತು ವರ್ಷಗಳ ಕೆಲಸದಿಂದ ನನಗೆ ಮನವರಿಕೆಯಾಗಿರುವ ಸಂಗತಿ ಬೇರೆ. ಪಾತ್ರೆಯಲ್ಲಿ ಏನು ನಡೆಯಬೇಕೆಂಬುದು ಬಹುಪಾಲು ಅಂಗಡಿಯ ಕಟ್ಟೆಯ ಮುಂದೆ ನಾವು ಬಟ್ಟೆ ಆರಿಸುವಾಗಲೇ ತೀರ್ಮಾನವಾಗಿರುತ್ತದೆ. ಆ ಬಟ್ಟೆ ಯಾವ ಹುಳುವಿನದು, ನೂಲಿಗೆ ಎಷ್ಟು ಹುರಿ ಹಾಕಿದ್ದಾರೆ, ಅದರ ಅಂಟು ತೆಗೆದಿದ್ದಾರೆಯೇ ಇಲ್ಲವೇ ಎಂಬುದನ್ನು ತಿಳಿಯದೆ ಒಲೆ ಹಚ್ಚುವುದು, ಹಿಟ್ಟು ಯಾವುದೆಂದು ತಿಳಿಯದೆ ರೊಟ್ಟಿ ತಟ್ಟಲು ಕುಳಿತಂತೆ.

ಅಂಟಿನ ವಿಷಯವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ನಾನು ಎಡವಿದ್ದು ಅಲ್ಲಿಯೇ. ಕನಕಪುರದ ಹತ್ತಿರದ ಹಳ್ಳಿಯೊಂದರಲ್ಲಿ ನಮ್ಮ ದೊಡ್ಡಮ್ಮ ರೇಷ್ಮೆ ಹುಳು ಸಾಕುತ್ತಿದ್ದರು. ಗೂಡು ಬಿಡಿಸುವ ದಿನ ಹುಳು ಗೂಡು ಕಟ್ಟುವ ತಟ್ಟಿಗಳಾದ ಚಂದ್ರಿಕೆಗಳ ಸುತ್ತ ಮನೆಯವರೆಲ್ಲ ಕುಳಿತು ಗೂಡಿನ ಹೊರಮೈಯ ಸಿಕ್ಕು ಎಳೆ, ಅಂದರೆ ಜುಂಗು, ತೆಗೆಯುತ್ತಿದ್ದಾಗ, ನನ್ನ ಕಾಟ ತಾಳಲಾರದೆ ದೊಡ್ಡಮ್ಮ ಒಂದು ಹಳದಿ ಗೂಡನ್ನು ಬಿಸಿನೀರಿನ ಲೋಟಕ್ಕೆ ಹಾಕಿಕೊಟ್ಟರು. ‘ಕಡ್ಡಿಯಲ್ಲಿ ಸವರಿ ನೋಡು, ಎಳೆ ತಾನಾಗಿ ಬರುತ್ತದೆ’ ಎಂದರು. ಕಡ್ಡಿಯಿಂದ ಸವರಿ, ಎಳೆಯ ತುದಿ ಹಿಡಿದು ಎಳೆದಾಗ ಬೆರಳ ತುದಿಗೆ ಗಂಜಿಯಂಥದ್ದೇನೋ ಮೆತ್ತಿಕೊಂಡಿತು. ಅದೇ ಸೆರಿಸಿನ್. ಹುಳು ತನ್ನ ಬಾಯಿಂದ ಹೊರಬಿಡುವ ಫೈಬ್ರಾಯಿನ್ ಎಂಬ ಪ್ರೋಟೀನಿನ ಎರಡು ಎಳೆಗಳನ್ನು ಈ ಅಂಟು ಒಂದಾಗಿ ಬೆಸೆಯುತ್ತದೆ, ಗೂಡನ್ನು ಗಟ್ಟಿಗೊಳಿಸುತ್ತದೆ. ಹಸಿ ರೇಷ್ಮೆಯ ತೂಕದಲ್ಲಿ ಐದನೇ ಒಂದರಿಂದ ಮೂರನೇ ಒಂದು ಭಾಗದ ತನಕ ಇದೇ ಇರುತ್ತದೆ. ಮೈಸೂರು ಸ್ಥಳೀಯ ತಳಿಯ ಮತ್ತು ಮಿಶ್ರತಳಿಯ ಗೂಡುಗಳ ಹಳದಿ ಬಣ್ಣವೂ ಹೆಚ್ಚಾಗಿ ಈ ಅಂಟಿನಲ್ಲಿಯೇ ಇರುವುದರಿಂದ, ಸಾಬೂನು ನೀರಿನಲ್ಲಿ ಕುದಿಸಿದರೆ ಒಳಗಿನ ಬಿಳಿಯ ನೂಲು ಹೊರಬರುತ್ತದೆ. ಮಗುವಾಗಿ ಬೆರಳಿನಲ್ಲಿ ಮುಟ್ಟಿದ್ದ ಈ ಅಂಟನ್ನು ನಾನು ದೊಡ್ಡವಳಾದ ಮೇಲೆ ಮರೆತೆ.

ಮರೆತದ್ದರ ಫಲ ಮೊದಲ ದೊಡ್ಡ ಕೆಲಸದಲ್ಲಿಯೇ ಕಾಣಿಸಿತು. ಚಿಕ್ಕಪೇಟೆಯ ಓಣಿಯೊಂದರ ಅಂಗಡಿಯಲ್ಲಿ ಆರು ಮೀಟರ್ ಬಟ್ಟೆ ಕೊಂಡೆ. ಒರಟಾಗಿತ್ತು, ಗರಿಗರಿಯಾಗಿತ್ತು. ಆ ಗರಿಗರಿಯನ್ನೇ ನಾನು ಗುಣವೆಂದು ತಿಳಿದೆ. ‘ಡೈಯಬಲ್’, ಅಂದರೆ ಬಣ್ಣ ಹಾಕಲು ಸಿದ್ಧವಾದದ್ದು, ಎಂದು ಹೇಳಿಯೇ ಕೊಟ್ಟಿದ್ದರು, ನಾನೂ ಮುಂದೆ ಕೇಳಲಿಲ್ಲ. ಬಣ್ಣ ಕಚ್ಚಲೆಂದು ಪಟಿಕ ಕಟ್ಟಿ, ಮಂಜಿಷ್ಠದಲ್ಲಿ ಅದ್ದಿದಾಗ ಬಣ್ಣ ಎಷ್ಟು ಬೇಗ, ಎಷ್ಟು ದಟ್ಟವಾಗಿ ಏರಿತೆಂದರೆ ನನಗೆ ಹಿಗ್ಗು. ಮರುದಿನ ಬೆಚ್ಚನೆಯ ಅಂಟುವಾಳದ ನೀರಿನಲ್ಲಿ ಜಾಲಿಸುತ್ತಿದ್ದಂತೆ ಆ ಬಣ್ಣ ತೆಳುವಾದ ಪೊರೆಯಂತೆ ಜಾರತೊಡಗಿತು. ನೀರು ಕೆಂಪಾಯಿತು, ಬಟ್ಟೆಯಲ್ಲಿ ಉಳಿದದ್ದು ಕಲೆ ಕಲೆಯಾದ ಕೇಸರಿ. ಕೆಲವು ಕಡೆ ಗಾಢ, ಕೆಲವು ಕಡೆ ಬೋಳು. ಬಣ್ಣ ಕಚ್ಚಿದ್ದು ಅಂಟಿಗೆ, ನೂಲಿಗಲ್ಲ. ಅಂಟು ಬಿಟ್ಟಾಗ ಬಣ್ಣವೂ ಅದರೊಂದಿಗೆ ಹೊರಟುಹೋಯಿತು. ಆ ತಾನಿನ, ಅಂದರೆ ಬಟ್ಟೆಯ ಸುರುಳಿಯ, ಅಂಟನ್ನು ಅರ್ಧಂಬರ್ಧ ತೆಗೆದಿದ್ದರೆಂದು ಆಮೇಲೆ ತಿಳಿಯಿತು. ಪೂರ್ತಿ ಹಸಿಯಾಗಿದ್ದಿದ್ದರೂ ಒಳ್ಳೆಯದಿತ್ತು, ನಾನೇ ಕುದಿಸಿ ತೆಗೆಯಬಹುದಿತ್ತು. ಅರ್ಧ ಬೆಂದ ಅನ್ನದ ಹಾಗೆ, ಅರ್ಧ ಅಂಟು ತೆಗೆದ ಬಟ್ಟೆಯಷ್ಟು ಮೋಸದ್ದು ಇನ್ನೊಂದಿಲ್ಲ.

ಅಂದಿನಿಂದ ನಾನು ಎರಡೇ ಬಗೆಯ ಬಟ್ಟೆ ಕೊಳ್ಳುತ್ತೇನೆ. ಒಂದೋ ಮಗ್ಗದಿಂದ ಇಳಿದ ಹಾಗೆಯೇ ಇರುವ, ವ್ಯಾಪಾರದವರು ‘ಗ್ರೇ’ ಎನ್ನುವ ಹಸಿ ಬಟ್ಟೆ, ಇಲ್ಲವೇ ಪೂರ್ತಿ ಅಂಟು ತೆಗೆದದ್ದೆಂದು ಕೈಗೇ ಗೊತ್ತಾಗುವ ಬಟ್ಟೆ. ಹಸಿ ಬಟ್ಟೆಯನ್ನು ಮನೆಗೆ ತಂದ ಮೇಲೆ ತೂಗುತ್ತೇನೆ, ಬಟ್ಟೆಯ ತೂಕದ ಕಾಲು ಭಾಗದಷ್ಟು ಸೌಮ್ಯವಾದ ಸಾಬೂನನ್ನು ತುರಿದು, ಧಾರಾಳ ನೀರಿನಲ್ಲಿ ಕರಗಿಸಿ, ಚಿಟಿಕೆ ವಾಷಿಂಗ್ ಸೋಡಾ ಸೇರಿಸಿ, ಕುದಿಯ ಹತ್ತಿರ ಬರುವಂತೆ ಮಾಡಿ ಒಂದು ಗಂಟೆಗೂ ಸ್ವಲ್ಪ ಹೆಚ್ಚು ಹೊತ್ತು ಇಡುತ್ತೇನೆ. ಬಟ್ಟೆ ನೀರಿನಲ್ಲಿ ಸಡಿಲವಾಗಿ ಓಡಾಡುತ್ತಿರಬೇಕು. ಮಡಿಕೆ ಬಿದ್ದಲ್ಲಿ ಅಂಟು ಉಳಿಯುತ್ತದೆ, ಆ ಗೆರೆ ಬಣ್ಣದಲ್ಲಿ ಎದ್ದು ಕಾಣುತ್ತದೆ. ಸೋಡಾವನ್ನು ಧಾರಾಳವಾಗಿ ಹಾಕಬೇಕೆಂಬ ಆಸೆಗೆ ಕಡಿವಾಣ ಹಾಕಬೇಕು, ಕ್ಷಾರ ಹೆಚ್ಚಾದರೆ ಅದು ಅಂಟನ್ನು ತಿಂದು ಮುಗಿಸಿ ನೂಲನ್ನೂ ತಿನ್ನಲು ತೊಡಗುತ್ತದೆ. ಒಣಗಿದ ಮೇಲೆ ಮತ್ತೆ ತೂಗುತ್ತೇನೆ. ಹೋದ ಸಲ 200 ಗ್ರಾಂ ಇದ್ದ ತುಂಡು 152 ಗ್ರಾಂ ಆಗಿತ್ತು. ಈ ಎರಡನೆಯ ತೂಕವೇ ಮುಂದಿನ ಲೆಕ್ಕಕ್ಕೆಲ್ಲ ಆಧಾರ. ಪಟಿಕವನ್ನು ನಾನು ಬಟ್ಟೆಯ ತೂಕದ ಶೇ. 12ರಷ್ಟು ಹಾಕುತ್ತೇನೆ, ಹಸಿ ತೂಕವನ್ನು ಹಿಡಿದರೆ ಇಲ್ಲದ ಬಟ್ಟೆಗೆ ಪಟಿಕ ಹಾಕಿದ ಹಾಗಾಗುತ್ತದೆ.

ಅಂಗಡಿಯಲ್ಲಿ ಬಟ್ಟೆ ನೋಡುವ ರೀತಿಯೂ ಈಗ ಬದಲಾಗಿದೆ. ತಾನನ್ನು ಬಿಚ್ಚಿಸಿ ಮೊದಲು ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ. ಉದ್ದದ ಎಳೆಯಾದ ಹಾಸು, ಅಡ್ಡದ ಎಳೆಯಾದ ಹೊಕ್ಕು ಎರಡೂ ಸಮವಾಗಿವೆಯೇ, ಎಲ್ಲಾದರೂ ಪಟ್ಟೆ ಬಿದ್ದಿದೆಯೇ ಎಂಬುದು ಆಗ ತಿಳಿಯುತ್ತದೆ, ಬಣ್ಣ ಹಾಕಿದ ಮೇಲೆ ಈ ಪಟ್ಟೆಗಳು ಇಮ್ಮಡಿಯಾಗುತ್ತವೆ. ಅಂಚಿನಿಂದ ಹಾಸಿನದೊಂದು, ಹೊಕ್ಕಿನದೊಂದು ಎಳೆ ಕೀಳಲು ಅನುಮತಿ ಕೇಳುತ್ತೇನೆ. ಬೇರೆ ಬೇರೆಯಾಗಿ ಸುಡಬೇಕು, ಹಾಸು ರೇಷ್ಮೆಯಾಗಿದ್ದು ಹೊಕ್ಕು ಪಾಲಿಯೆಸ್ಟರ್ ಆಗಿರುವುದುಂಟು. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಕಪ್ಪು ಬೂದಿ ಬಿಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆಮೇಲೆ ಬಟ್ಟೆಯ ಮೇಲೆ ಒಂದು ಹನಿ ನೀರು. ಅಂಟು ತೆಗೆದ, ಬೇರೇನೂ ಸವರದ ರೇಷ್ಮೆ ಹನಿಯನ್ನು ಒಳಗೆಳೆದುಕೊಳ್ಳುತ್ತದೆ. ಹನಿ ಕೆಸುವಿನೆಲೆಯ ಮೇಲಿನಂತೆ ಗುಂಡಾಗಿ ನಿಂತರೆ ಅಂಟೋ, ಗಂಜಿಯೋ, ಮೃದುವಾಗಿಸಲು ಹಾಕಿದ ಲೇಪವೋ ಇದೆಯೆಂದು ಅರ್ಥ. ಕಣ್ಣು ಕುಕ್ಕುವ, ನೀಲಿಯ ಛಾಯೆಯಿರುವ ಬಿಳಿಯನ್ನು ನಾನು ಬದಿಗಿಡುತ್ತೇನೆ. ಬಿಳಿ ಹೊಳಪಿನ ರಾಸಾಯನಿಕ ಸೇರಿಸಿದ ಬಟ್ಟೆಯಲ್ಲಿ ದಾಳಿಂಬೆಯ ಹಳದಿಯೂ ಮಂಜಿಷ್ಠದ ಕೆಂಪೂ ತಮ್ಮ ಬೆಚ್ಚಗಿನ ಗುಣ ಕಳೆದುಕೊಂಡಂತೆ ನನ್ನ ಕಣ್ಣಿಗೆ ಕಾಣುತ್ತವೆ. ತುಪ್ಪದ ಛಾಯೆಯ, ಬ್ಲೀಚ್ ಮಾಡದ ಬಿಳಿಯೇ ನನಗೆ ಬೇಕು.

2004ರಲ್ಲಿ ಕೇಂದ್ರ ರೇಷ್ಮೆ ಮಂಡಳಿಯು ಆರಂಭಿಸಿದ ಸಿಲ್ಕ್ ಮಾರ್ಕ್ ಚೀಟಿ ಇದ್ದರೆ ಬಟ್ಟೆ ಶುದ್ಧ ರೇಷ್ಮೆಯೆಂಬ ಭರವಸೆ ಸಿಗುತ್ತದೆ, ಅದು ದೊಡ್ಡ ಉಪಕಾರವೇ. ಆದರೆ ಅಂಟು ತೆಗೆದಿದೆಯೇ, ಮೇಲೇನಾದರೂ ಸವರಿದ್ದಾರೆಯೇ ಎಂಬುದನ್ನು ಆ ಚೀಟಿ ಹೇಳುವುದಿಲ್ಲ. ಬಣ್ಣಗಾರರು ಕೇಳಬೇಕಾದ ಪ್ರಶ್ನೆಗಳನ್ನು ಬಣ್ಣಗಾರರೇ ಕೇಳಬೇಕು.

ಇನ್ನು ಹುರಿಯ ಮಾತು. ಮೈಸೂರು ರೇಷ್ಮೆಯೆಂದು ಜಗತ್ತು ಗುರುತಿಸುವ ಸೀರೆ, 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಆರಂಭವಾದ ಕಾರ್ಖಾನೆಯ ಸೀರೆ, ಕ್ರೇಪ್ ನೇಯ್ಗೆಯದು. ಕ್ರೇಪಿನ ಹೊಕ್ಕಿನ ನೂಲಿಗೆ ಮೀಟರಿಗೆ 2000ಕ್ಕೂ ಹೆಚ್ಚು ಸುತ್ತು ಹುರಿ ಹಾಕಿ, ಬಲಹುರಿಯ ಎಳೆಗಳನ್ನೂ ಎಡಹುರಿಯ ಎಳೆಗಳನ್ನೂ ಒಂದರ ನಂತರ ಒಂದರಂತೆ ನೇಯುತ್ತಾರೆ. ಮಗ್ಗದ ಮೇಲೆ ಅದು ಸಪಾಟಾದ, ನೀರಸವಾದ ಬಟ್ಟೆ. ಸಾಬೂನು ನೀರಿನಲ್ಲಿ ಅಂಟು ಕರಗಿದ ಕ್ಷಣದಲ್ಲಿ, ಅಷ್ಟು ದಿನ ಹಿಡಿದಿಟ್ಟಿದ್ದ ಹುರಿ ಬಿಡುಗಡೆಯಾಗಿ ಒಂದು ಎಳೆ ಆ ಕಡೆಗೆ, ಇನ್ನೊಂದು ಈ ಕಡೆಗೆ ಹೊರಳುತ್ತವೆ, ಬಟ್ಟೆಯ ಮೈಯಲ್ಲಿ ಮರಳಿನಂಥ ಸಣ್ಣ ಸುಕ್ಕು ಏಳುತ್ತದೆ. ನಾನು ಇದನ್ನು ಎಷ್ಟು ಸಲ ನೋಡಿದರೂ ಪಾತ್ರೆಯ ಮುಂದಿನಿಂದ ಏಳಲಾರೆ. ಈ ಸುಕ್ಕಿನಿಂದಾಗಿ ಬೆಳಕು ಚದುರಿ, ಅದೇ ಬಣ್ಣ ಕ್ರೇಪಿನಲ್ಲಿ ಹೆಚ್ಚು ಆಳವಾಗಿ, ಹೊಳಪು ಕಡಿಮೆಯಾಗಿ ಕಾಣುತ್ತದೆ. ಹಾಸು ಹೊಕ್ಕು ಎರಡಕ್ಕೂ ಹುರಿ ಹಾಕಿದ ಜಾರ್ಜೆಟ್ಟಿನದೂ ಹೆಚ್ಚುಕಡಿಮೆ ಇದೇ ಸ್ವಭಾವ. ಎರಡೂ ನೀರಿಗೆ ಬಿದ್ದರೆ ಗಣನೀಯವಾಗಿ ಕುಗ್ಗುತ್ತವೆ, ಆದ್ದರಿಂದ ಅಳತೆಗೆ ಕತ್ತರಿಸುವುದನ್ನು ಬಣ್ಣ ಹಾಕಿ ಮುಗಿದ ಮೇಲೆಯೇ ಇಟ್ಟುಕೊಳ್ಳಬೇಕು.

ಸ್ಯಾಟಿನ್ ಇದಕ್ಕೆ ವಿರುದ್ಧ ಸ್ವಭಾವದ್ದು. ಹುರಿಯಿಲ್ಲದ ಹಾಸಿನ ಎಳೆಗಳು ಹಲವು ಹೊಕ್ಕುಗಳ ಮೇಲೆ ಒಂದೇ ಸಮನೆ ಮಲಗಿರುವುದರಿಂದ ಅದರ ಮೈ ಕನ್ನಡಿಯಂತೆ. ಬಣ್ಣ ಸಮವಾಗಿ ಹತ್ತಿದರೆ ಅದಕ್ಕಿಂತ ಸುಂದರವಾದದ್ದಿಲ್ಲ, ಒಂದು ಕಲೆ ಬಿದ್ದರೆ ಮುಚ್ಚಲು ಜಾಗವೂ ಇಲ್ಲ. ಹೊಸಬರು ಸ್ಯಾಟಿನ್ನಿನಿಂದ ಆರಂಭಿಸಬಾರದೆಂದು ನಾನು ಕಟ್ಟುನಿಟ್ಟಾಗಿ ಹೇಳುತ್ತೇನೆ. ಎರಡು ಹುಳುಗಳು ಸೇರಿ ಕಟ್ಟಿದ ಜೋಡಿ ಗೂಡಿನ ನೂಲಿನಿಂದ ನೇಯುವ ಡೂಪಿಯಾನ್ ಅವರಿಗೆ ಹೇಳಿ ಮಾಡಿಸಿದ್ದು. ಅದರ ಹೊಕ್ಕಿನಲ್ಲಿ ಅಲ್ಲಲ್ಲಿ ಗಂಟು, ಉಬ್ಬು. ಬಣ್ಣ ಸ್ವಲ್ಪ ಏರುಪೇರಾದರೂ ಆ ಗಂಟುಗಳು ಅದನ್ನು ತಮ್ಮ ಆಟವೆಂಬಂತೆ ಒಪ್ಪಿಕೊಳ್ಳುತ್ತವೆ.

ತೂಕದ ವಿಷಯದಲ್ಲಿ ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಹೊರದೇಶಗಳ ಪುಸ್ತಕಗಳಲ್ಲಿ ರೇಷ್ಮೆಯನ್ನು ‘ಮಾಮಿ’ ಎಂಬ ಜಪಾನೀ ಅಳತೆಯಲ್ಲಿ ಹೇಳಿರುತ್ತಾರೆ, ಒಂದು ಮಾಮಿಯೆಂದರೆ ಚದರ ಮೀಟರಿಗೆ ಸುಮಾರು 4.34 ಗ್ರಾಂ. ನಮ್ಮ ಅಂಗಡಿಗಳಲ್ಲಿ ‘ಅರವತ್ತು ಗ್ರಾಂ’, ‘ಎಂಬತ್ತು ಗ್ರಾಂ’ ಎಂದು ಕೇಳಬೇಕು. ಅದು ಚದರ ಮೀಟರಿನ ತೂಕವೋ, 44 ಇಂಚು ಅಗಲದ ತಾನಿನ ಒಂದು ಮೀಟರ್ ಉದ್ದದ ತೂಕವೋ ಎಂಬುದನ್ನು ಅಲ್ಲಿಯೇ ಕೇಳಿ ಖಚಿತಪಡಿಸಿಕೊಳ್ಳುವುದು ಲೇಸು. ಮೀಟರ್ ಉದ್ದದ ಲೆಕ್ಕದಲ್ಲಿ 60 ಗ್ರಾಂ ಇರುವ ಬಟ್ಟೆ ಹೆಚ್ಚುಕಡಿಮೆ 12 ಮಾಮಿಯದಾಗುತ್ತದೆ. ಸ್ಕಾರ್ಫಿಗೆ, ಎಲೆಯಚ್ಚಿಗೆ ಇದು ಒಳ್ಳೆಯ ತೂಕ. ಗೋಡೆಗೆ ತೂಗುಹಾಕಿ, ಮೇಲೆ ಹೊಲಿಗೆ ಹಾಕುವ ಕೆಲಸಕ್ಕೆ ಇದರ ಒಂದೂವರೆ ಪಟ್ಟು ತೂಕವಾದರೂ ಬೇಕು, ಇಲ್ಲದಿದ್ದರೆ ಹೊಲಿದಲ್ಲೆಲ್ಲ ಬಟ್ಟೆ ಸೆಳೆದು ನಿಲ್ಲುತ್ತದೆ.

ಹಿಪ್ಪುನೇರಳೆ ತಿಂದ ಹುಳುವಿನ ರೇಷ್ಮೆಯೊಂದನ್ನೇ ನೋಡಿ ಬೆಳೆದ ನನಗೆ ಕಾಡಿನ ರೇಷ್ಮೆಗಳು ತಡವಾಗಿ ಪರಿಚಯವಾದವು. ಜಾರ್ಖಂಡ್, ಛತ್ತೀಸ್‌ಗಢಗಳ ಕಾಡುಗಳಲ್ಲಿ ಮತ್ತಿ ಮೊದಲಾದ ಮರಗಳ ಎಲೆ ತಿಂದು ಬೆಳೆಯುವ ಟಸರ್ ಹುಳುವಿನ ಗೂಡಿನಲ್ಲಿಯೇ ಒಗರಿನ ಅಂಶವಿರುತ್ತದೆ, ನೂಲಿಗೆ ಹುಟ್ಟಿನಿಂದಲೇ ಜೇನಿನ ಬಣ್ಣ. ಎಳೆ ಚಪ್ಪಟೆ, ಅಂಟು ಹಟಮಾರಿ. ಟಸರ್ ಮೇಲೆ ಶುದ್ಧ ಕೆಂಪನ್ನೋ ತಿಳಿ ಹಳದಿಯನ್ನೋ ನಿರೀಕ್ಷಿಸುವವರು ನಿರಾಶರಾಗುತ್ತಾರೆ. ಬಣ್ಣಕ್ಕೆಲ್ಲ ಅದು ತನ್ನ ಕಂದು ಬಣ್ಣವನ್ನು ಬೆರೆಸಿಯೇ ಕೊಡುತ್ತದೆ. ಅಳಲೆಕಾಯಿಯ ಬೂದುಹಸಿರು, ಮಂಜಿಷ್ಠದ ಹುರಿದ ಕೇಸರಿ, ನೀಲಿಯ ಮೇಲೆ ಮೂಡುವ ಮಳೆಮೋಡದ ಛಾಯೆ ಇವೆಲ್ಲ ಟಸರಿನಲ್ಲಿ ಬಂದಷ್ಟು ಘನವಾಗಿ ಬೇರೆಡೆ ಬರುವುದಿಲ್ಲ. ಅಸ್ಸಾಮಿನ ಮುಗಾ ರೇಷ್ಮೆಯ ಬಂಗಾರದ ಬಣ್ಣಕ್ಕೆ ನಾನು ಕೈ ಹಾಕುವುದಿಲ್ಲ. ಅದಕ್ಕೆ ಇನ್ನೊಂದು ಬಣ್ಣ ಬೇಕೆಂದು ನನಗೆ ಒಮ್ಮೆಯೂ ಅನ್ನಿಸಿಲ್ಲ.

ಎರಿಯ ಬಗ್ಗೆ ಮಾತ್ರ ನನ್ನ ಪಕ್ಷಪಾತವನ್ನು ಮುಚ್ಚಿಡಲಾರೆ. ಹರಳೆಲೆ ತಿನ್ನುವ ಈ ಹುಳು ಕಟ್ಟುವ ಗೂಡಿಗೆ ಒಂದು ತುದಿಯಲ್ಲಿ ಬಾಯಿ ತೆರೆದಿರುತ್ತದೆ. ಒಂದೇ ಎಳೆಯಾಗಿ ಬಿಚ್ಚಲು ಬರುವುದಿಲ್ಲವಾದ್ದರಿಂದ ಹತ್ತಿಯಂತೆ ನೂತು ನೂಲು ತೆಗೆಯುತ್ತಾರೆ. ಪತಂಗ ಹಾರಿಹೋದ ಮೇಲೂ ಆ ಗೂಡು ನೂಲಾಗುತ್ತದೆ. ದೊಡ್ಡಮ್ಮನ ಮನೆಯ ಗೂಡುಗಳು ಚೀಲಗಳಲ್ಲಿ ರಾಮನಗರದ ಮಾರುಕಟ್ಟೆಗೆ ಹೋದ ಮೇಲೆ, ನೂಲು ಬಿಚ್ಚಾಣಿಕೆಯ ಬಿಸಿನೀರಿಗೆ ಬೀಳುವ ಮೊದಲು, ಒಳಗಿನ ಜೀವಕ್ಕೆ ಏನಾಗುತ್ತದೆಂದು ತಿಳಿದಾಗ ನನಗೆ ಒಂಬತ್ತು ವರ್ಷ. ಆ ಬೇಸಾಯದಿಂದಲೇ ನಮ್ಮ ಮನೆಯ ಮಕ್ಕಳು ಓದಿದ್ದು, ಅದನ್ನು ಹಳಿಯುವ ಬಾಯಿ ನನ್ನದಲ್ಲ. ಆದರೂ ಎರಿಯ ಬಟ್ಟೆಯನ್ನು ಕೈಗೆತ್ತಿಕೊಂಡಾಗ ಮನಸ್ಸು ಒಂದಿಷ್ಟು ಹಗುರಾಗುತ್ತದೆ. ಬಣ್ಣದ ಲೆಕ್ಕದಲ್ಲಿಯೂ ಅದು ಉದಾರಿ. ಗಿಡ್ಡ ಎಳೆಗಳ ನಡುವೆ ಗಾಳಿಗೂ ನೀರಿಗೂ ಎಡೆಯಿರುವುದರಿಂದ ಬಣ್ಣ ಒಳತನಕ ಇಳಿಯುತ್ತದೆ. ಹೊಳಪು ಕಡಿಮೆಯಾದ್ದರಿಂದ ಗೋಡೆಯ ಮೇಲೆ ಯಾವ ಬೆಳಕಿನಲ್ಲಿಯೂ ಒಂದೇ ಸಮನಾಗಿ ಕಾಣುತ್ತದೆ. ನೀರನ್ನು ಸಾವಕಾಶವಾಗಿ ಕುಡಿಯುವ ಬಟ್ಟೆಯಾದ್ದರಿಂದ ಹಿಂದಿನ ರಾತ್ರಿಯೇ ನೆನೆಹಾಕಿರಬೇಕು, ಅಷ್ಟೇ.

ಕಲಾಕೃತಿಗೆಂದು ಆರಿಸುವಾಗ ಬಣ್ಣದ ಜೊತೆಗೆ ಬಟ್ಟೆಯ ನಡವಳಿಕೆಯನ್ನೂ ನೋಡಬೇಕಾಗುತ್ತದೆ. ತೇಗದ ಎಳೆಯ ಎಲೆಯನ್ನು, ನೀಲಗಿರಿ ಎಲೆಯನ್ನು ಬಟ್ಟೆಯ ನಡುವೆ ಇಟ್ಟು ಸುತ್ತಿ, ಬಿಗಿದು, ಹಬೆಯಲ್ಲಿ ಬೇಯಿಸಿ ಅಚ್ಚು ತೆಗೆಯುವಾಗ, ನುಣುಪಾದ ಹಗುರ ರೇಷ್ಮೆಯಲ್ಲಿ ಎಲೆಯ ನರ ನರವೂ ಮೂಡುತ್ತದೆ, ಕ್ರೇಪಿನಲ್ಲಿ ಅದೇ ಎಲೆ ನೀರಿನಲ್ಲಿ ಅಲುಗಿದ ನೆರಳಾಗುತ್ತದೆ. ತೆಳುವಾಗಿದ್ದರೂ ಸೆಟೆದು ನಿಲ್ಲುವ ಆರ್ಗಾಂಜಾ ಬಟ್ಟೆಯ ಬಿರುಸು ಉಳಿದಿರುವ ಅಂಟಿನಿಂದ ಬಂದದ್ದು, ಅದನ್ನು ಬಿಸಿ ಪಾತ್ರೆಗೆ ಇಳಿಸಿದರೆ ಆ ಬಿರುಸೇ ಹೋಗುತ್ತದೆ. ಆರ್ಗಾಂಜಾವನ್ನು ನಾನು ತಣ್ಣನೆಯ ಇಲ್ಲವೇ ಉಗುರುಬೆಚ್ಚಗಿನ ಬಣ್ಣದಲ್ಲಿ ಮಾತ್ರ ಅದ್ದಿ, ಸಾಬೂನು ಮುಟ್ಟಿಸದೆ, ಒಗೆಯುವ ಪ್ರಸಂಗವೇ ಬಾರದ ಚೌಕಟ್ಟಿನ ಕೆಲಸಗಳಿಗೆ ಇಟ್ಟುಕೊಂಡಿದ್ದೇನೆ.

ನಮ್ಮ ಅತ್ತೆಯವರು ಧಾರವಾಡದ ಕಡೆಯವರು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವುದನ್ನು ಅವರಿಂದ ಕಲಿತೆ. ನಾನು ಬಣ್ಣದ ಪರೀಕ್ಷೆಗೆ ಬಳಸಿದ ಅಂಗೈಯಗಲದ ತುಂಡುಗಳನ್ನೆಲ್ಲ ಕೂಡಿಸಿ ಒಂದು ಗೋಡೆಕೌದಿ ಮಾಡುವೆನೆಂದಾಗ ಅವರು ಒಂದು ತುಂಡು ಶಿಫಾನ್ ಮತ್ತು ಒಂದು ತುಂಡು ದಪ್ಪನೆಯ ಮಟ್ಕಾ ರೇಷ್ಮೆಯನ್ನು ಎರಡೂ ಕೈಯಲ್ಲಿ ಹಿಡಿದು ತೂಗಿ, ‘ಇವೆರಡನ್ನ ಬಾಜೂಕ ಇಟ್ಟು ಹೊಲದ್ರ, ದಪ್ಪಂದು ತೆಳ್ಳಂದನ್ನ ಹರೀತದವಾ’ ಎಂದರು. ಬಣ್ಣ ಹೊಂದಿದರೆ ಸಾಕೆಂದುಕೊಂಡಿದ್ದ ನನಗೆ ಅದು ಹೊಳೆದಿರಲಿಲ್ಲ. ಈಗ ತೆಳುವಾದ ಪ್ರತಿ ತುಂಡಿನ ಹಿಂದೆ ಅದೇ ಬಣ್ಣದ ಗಟ್ಟಿ ರೇಷ್ಮೆಯ ಒಳಪದರ ಕೊಟ್ಟು, ಎರಡನ್ನೂ ಒಂದೇ ದಿನ ಒಂದೇ ಪಾತ್ರೆಯಲ್ಲಿ ಅದ್ದುತ್ತೇನೆ.

ಗೋಡೆಯ ಮೇಲೆ ವರ್ಷಗಟ್ಟಲೆ ಇರಬೇಕಾದ ಕೆಲಸಕ್ಕೆ ಕೆಲವು ಎಚ್ಚರ ಬೇಕು. ರೇಷ್ಮೆ ಅರಿಶಿನವನ್ನು ಬಹಳ ಚೆಲುವಾಗಿ ಹಿಡಿಯುತ್ತದೆ, ಆದರೆ ಆ ಹಳದಿ ಬಿಸಿಲಿಗೆ ನಿಲ್ಲುವುದಿಲ್ಲ. ಅರಗು, ಮಂಜಿಷ್ಠ, ನೀಲಿ, ದಾಳಿಂಬೆ ಸಿಪ್ಪೆ ಇವುಗಳನ್ನೇ ನಾನು ನೆಚ್ಚುತ್ತೇನೆ. ಬಣ್ಣವನ್ನು ಕಪ್ಪಿನ ಕಡೆಗೆ ತಿರುಗಿಸುವ ಅನ್ನಭೇದಿ ಎಂಬ ಕಬ್ಬಿಣದ ಲವಣವನ್ನು ಬಟ್ಟೆಯ ತೂಕದ ಶೇ. 2ಕ್ಕೆ ಮೀರಿಸಬಾರದು, ಕಬ್ಬಿಣದ ಅಂಶ ರೇಷ್ಮೆಯನ್ನು ಕಾಲಕ್ರಮದಲ್ಲಿ ಬಿರುಸಾಗಿಸಿ ಮುರಿಯುತ್ತದೆ. ಬಿಸಿಲೂ ರೇಷ್ಮೆಗೆ ಶತ್ರುವೇ. ಬಣ್ಣ ಉಳಿದರೂ ನೂಲು ಸೋಲುತ್ತದೆ. ಕಳೆದ ಶತಮಾನದ ಆರಂಭದಲ್ಲಿ ತೂಕ ಹೆಚ್ಚಿಸಲೆಂದು ತವರದ ಲವಣ ಸೇರಿಸಿದ ಯೂರೋಪಿನ ಹಲವು ರೇಷ್ಮೆ ಉಡುಪುಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿ ಮುಟ್ಟಿದರೆ ಹರಿಯುವ ಸ್ಥಿತಿಯಲ್ಲಿವೆ.

ನೀರನ್ನು ಕುರಿತು ಇಷ್ಟು ಹೇಳಿ ಮುಂದುವರಿಯುತ್ತೇನೆ. ನಮ್ಮ ಬಡಾವಣೆಯ ಕೊಳವೆಬಾವಿಯ ಗಡಸು ನೀರಿನಲ್ಲಿ ಮಂಜಿಷ್ಠ ಕಳೆಗಟ್ಟುತ್ತದೆ, ಅರಗು ಮಾತ್ರ ನೇರಳೆಗೆ ತಿರುಗಿ ಮಂಕಾಗುತ್ತದೆ. ಅರಗಿಗೆ ಮಳೆನೀರು ಹಿಡಿದಿಟ್ಟು, ಒಂದಿಷ್ಟು ಹುಣಸೆಹಣ್ಣಿನ ಹುಳಿ ಸೇರಿಸಿದರೆ ರೇಷ್ಮೆಯ ಮೇಲೆ ಅದರ ನಿಜವಾದ ಕೆಂಪು ಬರುತ್ತದೆ. ಹತ್ತಿಗೆ ಬೇಕಾಗುವ ಅಳಲೆಕಾಯಿಯ ಪೂರ್ವಸಂಸ್ಕಾರ ರೇಷ್ಮೆಗೆ ಬೇಡ. ಅದು ಪಟಿಕವನ್ನು ತಾನಾಗಿಯೇ ಹಿಡಿಯುತ್ತದೆ, ಬಿಸಿನೀರಿನಲ್ಲಿ ಕರಗಿಸಿ ಆರಿಸಿದ ಪಟಿಕದಲ್ಲಿ ಒಂದು ರಾತ್ರಿ ನೆನೆದರೆ ಸಾಕು. ಬಣ್ಣದ ಪಾತ್ರೆ ಕುದಿಯಬಾರದು, 80 ಡಿಗ್ರಿ ಸೆಲ್ಸಿಯಸ್ ದಾಟಲು ನಾನು ಬಿಡುವುದಿಲ್ಲ. ಸುಣ್ಣದ ನೀಲಿ ತೊಟ್ಟಿಯಲ್ಲಿ ರೇಷ್ಮೆಯನ್ನು ಹೆಚ್ಚು ಹೊತ್ತು ಮುಳುಗಿಸಿಡದೆ, ಚಿಕ್ಕ ಚಿಕ್ಕ ಅದ್ದುಗಳಲ್ಲಿ ಬಣ್ಣ ಏರಿಸಿ, ಕೊನೆಗೆ ವಿನೆಗರ್ ಬೆರೆಸಿದ ನೀರಿನಲ್ಲಿ ಜಾಲಿಸಿದರೆ ಕಳೆದ ಮೃದುತ್ವ ಮರಳುತ್ತದೆ, ಕೈಯಲ್ಲಿ ಹಿಂಡಿದಾಗ ರೇಷ್ಮೆಯದೇ ಆದ ಆ ಸರಸರ ಸದ್ದೂ ಮರಳುತ್ತದೆ.

ಕಲೆ ಕಲೆಯಾಗಿ ಹೋದ ಆ ಆರು ಮೀಟರ್ ಬಟ್ಟೆಯನ್ನು ನಾನು ಎಸೆದಿರಲಿಲ್ಲ. ಮೊನ್ನೆ ಪೆಟ್ಟಿಗೆಯಿಂದ ತೆಗೆದು, ಇಷ್ಟು ವರ್ಷಗಳ ನಂತರ, ಅದರ ಉಳಿದ ಅಂಟನ್ನು ಸಾಬೂನು ನೀರಿನಲ್ಲಿ ಪೂರ್ತಿ ಕುದಿಸಿ ತೆಗೆದೆ. ಹಳೆಯ ಕೇಸರಿ ಬಹುಪಾಲು ಹೋಗಿ, ನೂಲಿಗೆ ನಿಜವಾಗಿ ಕಚ್ಚಿದ್ದಷ್ಟು ಮಾತ್ರ ತಿಳಿ ಏಪ್ರಿಕಾಟಿನ ಛಾಯೆಯಲ್ಲಿ ಉಳಿದಿದೆ. ಬಟ್ಟೆ ಈಗ ಮೆತ್ತಗಿದೆ, ಹನಿ ನೀರನ್ನು ಕೂಡಲೇ ಕುಡಿಯುತ್ತದೆ. ಒಣಗಿದ ತೂಕ 410 ಗ್ರಾಂ. ಪಟಿಕ 49 ಗ್ರಾಂ ಅಳೆದಿಟ್ಟಿದ್ದೇನೆ, ಮಳೆನೀರಿನ ಕೊಡ ತುಂಬಿದೆ, ಅರಗು ಕುಟ್ಟಿ ನೆನೆಹಾಕಿ ಎರಡು ದಿನವಾಯಿತು. ನಾಳೆ ಬೆಳಗ್ಗೆ ಒಲೆ ಹಚ್ಚಬೇಕು.